ಆಸ್ಪತ್ರೆಗೆ ಮುನ್ನ: ತುರ್ತು ವೈದ್ಯಕೀಯ ಸೇವೆಯ ನಿನ್ನೆ ಮತ್ತು ನಾಳೆ

ತುರ್ತು ವೈದ್ಯಕೀಯ ಸೇವೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಲೆಕ್ಕ ನಡೆಯುವುದು ವಾಹನಗಳದು. ಜಿಲ್ಲೆಗೆ ಎಷ್ಟು ಆಂಬುಲೆನ್ಸ್ ಇವೆ, ಎಷ್ಟು ಕೆಟ್ಟು ನಿಂತಿವೆ, ಈ ಸಲ ವಿಧಾನಸೌಧದ ಮುಂದೆ ಎಷ್ಟು ಹೊಸ ವಾಹನಗಳಿಗೆ ಹಸಿರು ನಿಶಾನೆ ತೋರಿಸಲಾಯಿತು ಎಂಬಲ್ಲಿಗೆ ವಿಷಯ ಮುಗಿದುಬಿಡುತ್ತದೆ. ಈ ಲೆಕ್ಕ ಬೇಕು, ಆದರೆ ಸಾಲದು. ರಸ್ತೆಯಲ್ಲಿ ಬಿದ್ದವನನ್ನು, ಎದೆ ಹಿಡಿದು ಕುಸಿದವಳನ್ನು, ಹಾವು ಕಚ್ಚಿದ ಮಗುವನ್ನು ಉಳಿಸುವ ಕೆಲಸ ಎಲ್ಲಿ ಮತ್ತು ಯಾರ ಕೈಯಿಂದ ಆರಂಭವಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಇನ್ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಚಿಕಿತ್ಸೆ ಆಸ್ಪತ್ರೆಯ ಗೋಡೆ ದಾಟಿ ರೋಗಿ ಬಿದ್ದ ಜಾಗಕ್ಕೆ ಹತ್ತಿರವಾದಂತೆಲ್ಲ ಹೆಚ್ಚು ಜೀವಗಳು ಉಳಿದಿರುವುದು ಕಾಣುತ್ತದೆ. ವಾಹನದ ವೇಗ ಆ ಕೆಲಸಕ್ಕೆ ನೆರವಾಗಿದೆ, ಅಷ್ಟೆ. ಭಾರತ, ಅದರಲ್ಲೂ ಕರ್ನಾಟಕ, ಈ ಚರಿತ್ರೆಯಿಂದ ವಾಹನವನ್ನೂ ಒಂದು ದೂರವಾಣಿ ಸಂಖ್ಯೆಯನ್ನೂ ಯಶಸ್ವಿಯಾಗಿ ಪಡೆದುಕೊಂಡಿತು. ಉಳಿದ ಕೊಂಡಿಗಳನ್ನು ನಾವಿನ್ನೂ ಜೋಡಿಸಿಲ್ಲ. ಮುಂದಿನ ದಶಕದ ಕೆಲಸ ಅದೇ ಆಗಬೇಕು ಎಂಬುದು ಈ ಲೇಖನದ ವಾದ.

ರಣರಂಗದಿಂದ ಬೀದಿಗೆ

ಈ ಸೇವೆ ಹುಟ್ಟಿದ್ದು ಯುದ್ಧಭೂಮಿಯಲ್ಲಿ. 1790ರ ದಶಕದ ಫ್ರೆಂಚ್ ಸೈನ್ಯದಲ್ಲಿ ಗಾಯಾಳುಗಳ ಗಾಡಿಗಳು ರಣರಂಗದಿಂದ ಮೈಲುಗಟ್ಟಲೆ ಹಿಂದೆ ನಿಲ್ಲುತ್ತಿದ್ದವು. ಕಾದಾಟ ಮುಗಿಯುವವರೆಗೆ ಗಾಯಗೊಂಡವರು ಬಿದ್ದಲ್ಲೇ ಬಿದ್ದಿರಬೇಕಿತ್ತು. ಡೊಮಿನಿಕ್ ಜೀನ್ ಲಾರೆ ಎಂಬ ಶಸ್ತ್ರವೈದ್ಯ ಹಗುರವಾದ ಕುದುರೆಗಾಡಿಗಳನ್ನು ಸಿದ್ಧಪಡಿಸಿ, ಅವುಗಳ ಜೊತೆ ಶಸ್ತ್ರವೈದ್ಯರನ್ನೇ ಗುಂಡು ಹಾರುವಲ್ಲಿಗೆ ಕಳುಹಿಸಿದ. ಪದವಿ, ಪಕ್ಷ ನೋಡದೆ ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲು ಚಿಕಿತ್ಸೆ ಎಂಬ ನಿಯಮವನ್ನೂ ಆತ ಪಾಲಿಸಿದ. ಗಾಡಿ ನೆನಪಿನಲ್ಲಿ ಉಳಿಯಿತು. ಆದರೆ ಲಾರೆಯ ನಿಜವಾದ ಕೊಡುಗೆ ವೈದ್ಯನನ್ನು ಗಾಯಾಳುವಿನ ಬಳಿಗೆ ಕರೆದೊಯ್ದದ್ದು ಮತ್ತು ಯಾರಿಗೆ ಮೊದಲು ಎಂಬುದಕ್ಕೆ ನ್ಯಾಯವಾದ ಕ್ರಮ ಹಾಕಿಕೊಟ್ಟದ್ದು. ಅಮೆರಿಕದ ಅಂತರ್ಯುದ್ಧದಲ್ಲಿ ಜೊನಾಥನ್ ಲೆಟರ್‌ಮನ್ ಇನ್ನೊಂದು ಪಾಠ ಸೇರಿಸಿದ. ಅಲ್ಲಿಯವರೆಗೆ ಆಂಬುಲೆನ್ಸ್ ಗಾಡಿಗಳು ಸರಕು ಸಾಗಣೆಯ ಅಧಿಕಾರಿಗಳ ಕೈಯಲ್ಲಿದ್ದವು. ಗಾಯಾಳುಗಳು ದಿನಗಟ್ಟಲೆ ಮೈದಾನದಲ್ಲಿ ನರಳಿದ ಉದಾಹರಣೆಗಳಿದ್ದವು. 1862ರಲ್ಲಿ ಲೆಟರ್‌ಮನ್ ಗಾಡಿಗಳನ್ನು ವೈದ್ಯಕೀಯ ವಿಭಾಗದ ಹತೋಟಿಗೆ ತಂದ. ಗಾಯ ಕಟ್ಟುವ ಠಾಣೆ, ಅದರ ಹಿಂದೆ ಮೈದಾನದ ಆಸ್ಪತ್ರೆ, ಅದರ ಹಿಂದೆ ದೊಡ್ಡ ಆಸ್ಪತ್ರೆ ಎಂದು ಹಂತಗಳನ್ನು ಏರ್ಪಡಿಸಿದ. 1864ರಲ್ಲಿ ಅಮೆರಿಕದ ಕಾಂಗ್ರೆಸ್ ಈ ವ್ಯವಸ್ಥೆಗೆ ಕಾನೂನಿನ ಬಲ ಕೊಟ್ಟಿತು. ವಾಹನ ಯಾರ ಅಧೀನದಲ್ಲಿರಬೇಕು, ಅದು ಎಲ್ಲಿಗೆ ಹೋಗಬೇಕು ಎಂಬುದೂ ಚಿಕಿತ್ಸೆಯ ಭಾಗವೇ ಎಂಬುದನ್ನು ಆ ಯುದ್ಧ ಕಲಿಸಿತು.

ಯುದ್ಧ ಮುಗಿದ ಮೇಲೆ ಈ ಪಾಠಗಳು ನಗರಕ್ಕೆ ಬಂದವು. 1865ರಲ್ಲಿ ಸಿನ್ಸಿನಾಟಿಯ ಆಸ್ಪತ್ರೆ, 1869ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ ತಮ್ಮದೇ ಆಂಬುಲೆನ್ಸ್ ಸೇವೆ ಆರಂಭಿಸಿದವು. ಇಂಗ್ಲೆಂಡಿನಲ್ಲಿ 1877ರಲ್ಲಿ ಸ್ಥಾಪನೆಯಾದ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ ಬೇರೊಂದು ದಾರಿ ಹಿಡಿಯಿತು. ಗಣಿ ಕಾರ್ಮಿಕರು, ರೈಲ್ವೆ ನೌಕರರು, ಪೊಲೀಸರು ಇಂಥ ಸಾಮಾನ್ಯ ಜನರಿಗೆ ರಕ್ತ ನಿಲ್ಲಿಸುವುದನ್ನೂ ಮುರಿದ ಮೂಳೆಗೆ ಆಸರೆ ಕಟ್ಟುವುದನ್ನೂ ಅದು ಕಲಿಸಿತು. ಅಪಘಾತ ಆಗುವ ಜಾಗದಲ್ಲೇ ಚಿಕಿತ್ಸೆ ಬಲ್ಲ ಕೈ ಇರಬೇಕೆಂಬ ಈ ವಿಚಾರ ಭಾರತಕ್ಕೂ ಬಂತು. ನಮ್ಮಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಎಂದರೆ ಬಹುಕಾಲ ಸೇಂಟ್ ಜಾನ್ ಪ್ರಮಾಣಪತ್ರವೇ ಆಗಿತ್ತು. ಆದರೆ ಮೋಟಾರು ವಾಹನದ ಯುಗದಲ್ಲಿ ಹಲವು ದೇಶಗಳು ಈ ಪಾಠಗಳನ್ನು ಮರೆತವು. ಆಂಬುಲೆನ್ಸ್ ರೋಗಿಯನ್ನು ಸಾಗಿಸುವ ಗಾಡಿಯಷ್ಟೇ ಆಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಹೊರತಂದ ಪ್ರಸಿದ್ಧ ವರದಿಯ ಪ್ರಕಾರ ಆ ದೇಶದ ಅರ್ಧದಷ್ಟು ಆಂಬುಲೆನ್ಸ್ ಸೇವೆಯನ್ನು ನಡೆಸುತ್ತಿದ್ದವರು ಅಂತ್ಯಸಂಸ್ಕಾರದ ವ್ಯಾಪಾರಿಗಳು. ಮನುಷ್ಯನನ್ನು ಉದ್ದಕ್ಕೆ ಮಲಗಿಸಬಹುದಾದ ವಾಹನ ಇದ್ದದ್ದು ಅವರ ಬಳಿ, ಅಷ್ಟೇ ಕಾರಣ. ಗಂಭೀರವಾಗಿ ಗಾಯಗೊಂಡವನು ನಗರದ ಬೀದಿಗಿಂತ ಯುದ್ಧಭೂಮಿಯಲ್ಲಿ ಬದುಕುವ ಸಾಧ್ಯತೆ ಹೆಚ್ಚೆಂದು ಕೊರಿಯಾ, ವಿಯೆಟ್ನಾಂಗಳಿಂದ ಮರಳಿದ ತಜ್ಞರು ಹೇಳಿದ್ದನ್ನೂ ಆ ವರದಿ ದಾಖಲಿಸಿತು.

ಚಿಕಿತ್ಸೆ ಮನೆ ಬಾಗಿಲಿಗೆ

ಅದೇ ಹೊತ್ತಿಗೆ ವಿಜ್ಞಾನ ಹೊಸ ಬಾಗಿಲು ತೆರೆದಿತ್ತು. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ವಿಧಾನ ಕೆಲಸ ಮಾಡುತ್ತದೆ ಎಂಬುದನ್ನು ಪೀಟರ್ ಸಫಾರ್ 1950ರ ದಶಕದ ಕೊನೆಯಲ್ಲಿ ತೋರಿಸಿದ್ದರು. ನಿಂತ ಹೃದಯವನ್ನು ಎದೆಯ ಮೇಲಿಂದ ಒತ್ತಿ ರಕ್ತ ಹರಿಸಬಹುದು ಎಂಬುದನ್ನು 1960ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದರು. ಈ ಎರಡೂ ಸೇರಿ ಇಂದಿನ ಸಿಪಿಆರ್ ಆಯಿತು. ಇದಕ್ಕೆ ಯಂತ್ರ ಬೇಡ, ಔಷಧ ಬೇಡ. ಎರಡು ಕೈ ಮತ್ತು ಕಲಿತ ಕ್ರಮ ಸಾಕು. ಬೆಲ್‌ಫಾಸ್ಟ್ ನಗರದ ಹೃದ್ರೋಗ ತಜ್ಞ ಫ್ರಾಂಕ್ ಪ್ಯಾಂಟ್ರಿಜ್ ಇನ್ನೊಂದು ಸತ್ಯವನ್ನು ಎತ್ತಿ ಹಿಡಿದರು. ಹೃದಯಾಘಾತದಿಂದ ಸಾಯುವವರಲ್ಲಿ ಹೆಚ್ಚಿನವರು ಮೊದಲ ಕೆಲವೇ ಗಂಟೆಗಳಲ್ಲಿ, ಆಸ್ಪತ್ರೆ ತಲುಪುವ ಮುನ್ನವೇ ಸಾಯುತ್ತಿದ್ದರು. ಹಾಗಿದ್ದಲ್ಲಿ ಆಸ್ಪತ್ರೆಯೊಳಗೆ ಎಷ್ಟೇ ಒಳ್ಳೆಯ ಹೃದ್ರೋಗ ಘಟಕ ಕಟ್ಟಿದರೂ ಅವರಿಗೆ ಪ್ರಯೋಜನವಿಲ್ಲ. ಆದ್ದರಿಂದ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಲಯ ತಪ್ಪಿದ ಬಡಿತವನ್ನು ಸರಿಪಡಿಸುವ ಡಿಫಿಬ್ರಿಲೇಟರನ್ನು ಕಾರಿನ ಬ್ಯಾಟರಿಯಿಂದ ನಡೆಯುವಂತೆ ಮಾಡಿ, 1966ರಲ್ಲಿ ಅದನ್ನು ಆಂಬುಲೆನ್ಸ್‌ನಲ್ಲಿಟ್ಟು ಮನೆಗಳಿಗೆ ಕಳುಹಿಸತೊಡಗಿದರು. ಆ ಯಂತ್ರ ಸುಮಾರು 70 ಕಿಲೊ ತೂಗುತ್ತಿತ್ತು. ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂದ ಮೇಲೆ ಹಲವು ದೇಶಗಳು ಈ ದಾರಿ ಹಿಡಿದವು.

ವೈದ್ಯರನ್ನೇ ಪ್ರತಿ ಗಾಡಿಯಲ್ಲಿ ಕೂರಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಈ ಪ್ರಶ್ನೆಗೆ ಉತ್ತರ ಬಂದದ್ದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಕಪ್ಪು ಬಡಾವಣೆಯಿಂದ. ಅಲ್ಲಿನವರು ಆಂಬುಲೆನ್ಸ್ ಕರೆದರೆ ಬರುತ್ತಿದ್ದುದು ಪೊಲೀಸ್ ವ್ಯಾನು, ಅದೂ ಬಂದರೆ ಬಂತು. 1967ರಲ್ಲಿ ಸಫಾರ್ ಅವರ ಮಾರ್ಗದರ್ಶನದಲ್ಲಿ ಆರಂಭವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ ಅದೇ ಬಡಾವಣೆಯ, ಬಹುಪಾಲು ಕೆಲಸವಿಲ್ಲದೆ ಕುಳಿತಿದ್ದ ಕಪ್ಪು ಯುವಕರನ್ನು ಆರಿಸಿ ಸುಮಾರು 300 ಗಂಟೆಗಳ ತರಬೇತಿ ಕೊಟ್ಟಿತು. ಅವರಲ್ಲಿ ಕೆಲವರು ಶಾಲೆಯನ್ನೂ ಪೂರ್ತಿ ಮುಗಿಸಿರಲಿಲ್ಲ. ಉಸಿರ್ನಳಿಗೆ ಕೊಳವೆ ಹಾಕುವಂಥ ಕೆಲಸಗಳನ್ನು ಅವರು ಬೀದಿಯಲ್ಲೇ ಮಾಡಿ ತೋರಿಸಿದರು. ಮುಂದೆ ವೈದ್ಯಕೀಯ ನಿರ್ದೇಶಕಿಯಾಗಿ ಬಂದ ನ್ಯಾನ್ಸಿ ಕ್ಯಾರೊಲಿನ್ ಅಲ್ಲಿ ರೂಪಿಸಿದ ಪಾಠಗಳು ಅಮೆರಿಕದ ಪ್ಯಾರಾಮೆಡಿಕ್ ಶಿಕ್ಷಣಕ್ಕೆ ತಳಹದಿಯಾದವು. ಇಷ್ಟಾಗಿಯೂ 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿತು. ಆ ವೃತ್ತಿಯನ್ನು ಕಟ್ಟಿದವರಲ್ಲಿ ಹಲವರು ಅದರಿಂದಲೇ ಹೊರಬಿದ್ದರು. ಆ ಅನ್ಯಾಯ ಮರೆಯಬಾರದ್ದು. ಅವರು ಸಾಧಿಸಿ ತೋರಿಸಿದ ಸಂಗತಿಯೂ ಮರೆಯಬಾರದ್ದು: ಜೀವ ಉಳಿಸುವ ಕೌಶಲ ಎಂಬಿಬಿಎಸ್ ಪದವಿಯ ಆಸ್ತಿಯಲ್ಲ. ಸರಿಯಾದ ತರಬೇತಿ, ಮೇಲ್ವಿಚಾರಣೆ ಮತ್ತು ಗೌರವ ಸಿಕ್ಕರೆ ಯಾವ ಊರಿನ ಹುಡುಗ ಹುಡುಗಿಯರೂ ಅದನ್ನು ಕಲಿಯಬಲ್ಲರು.

ದೂರವಾಣಿಯೂ ಇದೇ ಕಥೆಯ ಭಾಗ. 1937ರಲ್ಲಿ ಲಂಡನ್ನಿನಲ್ಲಿ 999, 1968ರಲ್ಲಿ ಅಮೆರಿಕದಲ್ಲಿ 911 ಬಂದಾಗ ಅವು ನೆರವು ಕರೆಯುವ ಸಂಖ್ಯೆಗಳು ಮಾತ್ರ. ಫ್ರಾನ್ಸ್ 1960ರ ದಶಕದಿಂದ ಬೆಳೆಸಿದ ಸಾಮು ವ್ಯವಸ್ಥೆಯಲ್ಲಿ ಕರೆ ಕೇಳಿಸಿಕೊಂಡು ತೀರ್ಮಾನಿಸುವವರು ವೈದ್ಯರೇ. ಯಾರಿಗೆ ಸಲಹೆ ಸಾಕು, ಯಾರಿಗೆ ಸಾಮಾನ್ಯ ಗಾಡಿ, ಯಾರ ಮನೆಗೆ ವೈದ್ಯರಿರುವ ಗಾಡಿ ಎಂಬುದನ್ನು ಅವರು ಅಲ್ಲಿಯೇ ನಿರ್ಧರಿಸುತ್ತಾರೆ. ಅಮೆರಿಕದ ಸಿಯಾಟಲ್ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1970ರ ದಶಕದಿಂದಲೇ ನಾಗರಿಕರಿಗೆ ದೊಡ್ಡ ಪ್ರಮಾಣದಲ್ಲಿ ಸಿಪಿಆರ್ ಕಲಿಸಿತು. ಗಾಬರಿಯಿಂದ ಕರೆ ಮಾಡಿದವರಿಗೆ ಎಲ್ಲಿ ಕೈಯಿಡಬೇಕು, ಎಷ್ಟು ಜೋರಾಗಿ ಒತ್ತಬೇಕು ಎಂದು ದೂರವಾಣಿಯಲ್ಲೇ ಹೇಳಿಕೊಡುವ ಪದ್ಧತಿಯನ್ನೂ ಆ ಪ್ರದೇಶ ಬೆಳೆಸಿತು. ಹೀಗೆ ಚಿಕಿತ್ಸೆಯ ಆರಂಭ ಕರೆ ಮಾಡಿದವರ ಕೈಗಳಿಗೇ ಬಂತು.

ಪುರಾವೆ ಏನು ಹೇಳುತ್ತದೆ?

ಇದೆಲ್ಲ ಒಳ್ಳೆಯ ಆಶಯ ಮಾತ್ರವೇ ಅಥವಾ ಇದರಿಂದ ಜೀವ ಉಳಿಯುತ್ತದೆಯೇ ಎಂದು ಕೇಳುವುದು ನ್ಯಾಯ. ಹೃದಯಸ್ತಂಭನದ ವಿಚಾರದಲ್ಲಿ ಉತ್ತರ ಸ್ಪಷ್ಟವಾಗಿದೆ. ಹೃದಯ ನಿಂತ ಮೇಲೆ ಯಾರೂ ಏನೂ ಮಾಡದಿದ್ದರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬೇಗ ಡಿಫಿಬ್ರಿಲೇಟರ್ ತಲುಪುವ ವ್ಯವಸ್ಥೆ ಇದ್ದಲ್ಲಿಗೆ ದುಬಾರಿ ಔಷಧ, ಉನ್ನತ ತಂತ್ರಗಳ ಆಂಬುಲೆನ್ಸನ್ನು ಸೇರಿಸಿದಾಗ ಹೃದಯ ನಿಂತವರಲ್ಲಿ ಉಳಿದವರ ಪ್ರಮಾಣ ಹೆಚ್ಚಲಿಲ್ಲ. ಬದುಕುವ ಅವಕಾಶ ಹೆಚ್ಚಾಗಿದ್ದುದು ಪಕ್ಕದಲ್ಲಿದ್ದವರು ಎದೆ ಒತ್ತಿದಾಗ, ಎಂಟು ನಿಮಿಷದೊಳಗೆ ವಿದ್ಯುತ್ ಆಘಾತ ಸಿಕ್ಕಾಗ. ಡೆನ್ಮಾರ್ಕಿನ ಅನುಭವ ಇನ್ನೂ ಬೋಧಪ್ರದ. ಆ ದೇಶ 2005ರಲ್ಲಿ ಶಾಲೆಗಳಲ್ಲಿ ಸಿಪಿಆರ್ ತರಬೇತಿಯನ್ನು ಕಡ್ಡಾಯಗೊಳಿಸಿತು, ಮರುವರ್ಷ ಚಾಲನಾ ಪರವಾನಗಿಗೂ ಅದನ್ನು ಜೋಡಿಸಿತು. 2001ರಲ್ಲಿ ಹೃದಯ ನಿಂತವರ ಪೈಕಿ ಶೇ 21 ಮಂದಿಗೆ ಮಾತ್ರ ಪಕ್ಕದಲ್ಲಿದ್ದವರಿಂದ ಸಿಪಿಆರ್ ಸಿಗುತ್ತಿತ್ತು. 2010ರ ಹೊತ್ತಿಗೆ ಅದು ಶೇ 45ಕ್ಕೆ ಏರಿತು. ಮೂವತ್ತು ದಿನ ಉಳಿದವರ ಪ್ರಮಾಣ ಶೇ 3.5ರಿಂದ ಶೇ 10.8ಕ್ಕೆ ಹೋಯಿತು. ಏರಿಕೆಗೆ ಬೇರೆ ಕಾರಣಗಳೂ ಇದ್ದವು ಎಂಬುದನ್ನು ಆ ಅಧ್ಯಯನ ಮಾಡಿದವರೇ ಒಪ್ಪುತ್ತಾರೆ. ಆದರೂ ಎರಡೂ ಒಟ್ಟಿಗೆ ಏರಿದ್ದು ಆಕಸ್ಮಿಕವೆಂದು ಹೇಳುವುದು ಕಷ್ಟ.

ಅವು ಶ್ರೀಮಂತ ದೇಶಗಳು, ಒಳ್ಳೆಯ ರಸ್ತೆ, ಒಳ್ಳೆಯ ಆಸ್ಪತ್ರೆ ಇರುವ ದೇಶಗಳು ಎಂಬ ಮಾತು ಬರುತ್ತದೆ. ಹಾಗಾದರೆ ಉತ್ತರ ಇರಾಕ್ ಮತ್ತು ಕಾಂಬೋಡಿಯಾ ನೋಡೋಣ. ನೆಲಬಾಂಬುಗಳು ಹುದುಗಿದ್ದ, ಆಸ್ಪತ್ರೆ ತಲುಪಲು ಗಂಟೆಗಟ್ಟಲೆ ಹಿಡಿಯುತ್ತಿದ್ದ ಆ ಹಳ್ಳಿಗಳಲ್ಲಿ 1990ರ ದಶಕದ ಕೊನೆಯಲ್ಲಿ ಸಾವಿರಾರು ಹಳ್ಳಿಗರಿಗೆ ಪ್ರಥಮ ಚಿಕಿತ್ಸೆಯನ್ನು, ನೂರಕ್ಕೂ ಹೆಚ್ಚು ಸ್ಥಳೀಯ ಆರೋಗ್ಯ ಕಾರ್ಯಕರ್ತರಿಗೆ ಅದಕ್ಕಿಂತ ಮೇಲಿನ ತುರ್ತು ಚಿಕಿತ್ಸೆಯನ್ನು ಕಲಿಸಲಾಯಿತು. ಐದು ವರ್ಷಗಳ ಅವಧಿಯಲ್ಲಿ ಗಂಭೀರ ಗಾಯಾಳುಗಳ ಸಾವಿನ ಪ್ರಮಾಣ ಶೇ 40ರಿಂದ ಶೇ 15ರ ಸಮೀಪಕ್ಕೆ ಇಳಿಯಿತು. ಔಷಧದ ಕಡೆಯಿಂದಲೂ ಇದೇ ಸೂಚನೆ ಸಿಗುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧ ಗಾಯಾಳುಗಳ ರಕ್ತಸ್ರಾವದ ಸಾವನ್ನು ತಗ್ಗಿಸುತ್ತದೆ ಎಂಬುದನ್ನು 2010ರಲ್ಲಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳ ಪ್ರಯೋಗ ತೋರಿಸಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಆದರೆ ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಆಮೇಲೆ ಕೊಟ್ಟರೆ ಹಾನಿಯೇ ಆಗಬಹುದು. ಎಲ್ಲಿ, ಯಾವಾಗ ಚಿಕಿತ್ಸೆ ಆರಂಭವಾಯಿತು ಎಂಬುದು ಏನು ಚಿಕಿತ್ಸೆ ಎಂಬಷ್ಟೇ ಮುಖ್ಯ.

ಭಾರತ: ಮೊದಲು ನ್ಯಾಯಾಲಯ, ಆಮೇಲೆ 108

ನಮ್ಮಲ್ಲಿ ಮೊದಲು ಎಚ್ಚೆತ್ತದ್ದು ನ್ಯಾಯಾಲಯ. ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ ಗಾಯಾಳುವಿಗೆ ಚಿಕಿತ್ಸೆ ಕೊಡುವುದು ಪ್ರತಿ ವೈದ್ಯನ ಕರ್ತವ್ಯ ಎಂದಿತು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೃಷಿ ಕಾರ್ಮಿಕನನ್ನು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಒಂದರ ನಂತರ ಒಂದು ಹಿಂದಕ್ಕೆ ಕಳುಹಿಸಿದ ಪ್ರಕರಣದಲ್ಲಿ 1996ರಲ್ಲಿ ಅದೇ ನ್ಯಾಯಾಲಯ, ತುರ್ತು ಚಿಕಿತ್ಸೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪಿತ್ತಿತು. ಹಣಕಾಸಿನ ಕೊರತೆ ಇದಕ್ಕೆ ನೆಪವಾಗದು ಎಂದೂ ಹೇಳಿತು. ಹಕ್ಕು ಘೋಷಣೆಯಾದರೂ ಅದನ್ನು ಹೊತ್ತು ತರುವ ವ್ಯವಸ್ಥೆ ಇರಲಿಲ್ಲ. ದೆಹಲಿಯಲ್ಲಿ 1991ರಿಂದ ಸರ್ಕಾರಿ ಆಂಬುಲೆನ್ಸ್ ಸೇವೆಯೊಂದು ಇತ್ತು. ದೊಡ್ಡ ಪ್ರಮಾಣದ ಬದಲಾವಣೆ ಬಂದದ್ದು 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಇಎಂಆರ್‌ಐ ಸಂಸ್ಥೆಯ 108 ಸಂಖ್ಯೆಯಿಂದ. ಸಂಸ್ಥೆಯನ್ನು ಕಟ್ಟಿದ ಸತ್ಯಂ ಕಂಪನಿಯ ಮುಖ್ಯಸ್ಥರ ಹಗರಣ 2009ರಲ್ಲಿ ಬಯಲಾದಾಗ ಅದು ಜಿವಿಕೆ ಸಮೂಹದ ಕೈಗೆ ಹೋಯಿತು. ಇಷ್ಟೊಂದು ಜೀವಗಳನ್ನು ಹೊತ್ತ ಸೇವೆ ಒಂದು ಕಂಪನಿಯ ಏಳುಬೀಳಿಗೆ ಜೋತು ಬೀಳಬಾರದು ಎಂಬ ಎಚ್ಚರಿಕೆಯೂ ಅಲ್ಲೇ ಸಿಕ್ಕಿತು.

ಕರ್ನಾಟಕದಲ್ಲಿ ಈ ಸೇವೆ 2008ರ ನವೆಂಬರ್ 1ರಂದು ಆರೋಗ್ಯ ಕವಚ ಎಂಬ ಹೆಸರಿನಿಂದ ಬಂತು. ಅದರ ಸಾಧನೆಯನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಹಣ ಕೇಳದೆ, ಜಾತಿ ಕೇಳದೆ, ಹಳ್ಳಿಯ ಬಾಗಿಲಿಗೆ ಬರುವ ಸರ್ಕಾರಿ ಸೇವೆಯೊಂದು ಮೂರು ಅಂಕಿಯಲ್ಲಿ ಎಲ್ಲರ ನಾಲಿಗೆಯ ಮೇಲೆ ನಿಂತದ್ದು ಸಣ್ಣ ಮಾತಲ್ಲ. ಅದರ ಕೆಲಸದ ದೊಡ್ಡ ಪಾಲು ಗರ್ಭಿಣಿಯರದು. ಮನೆಯಲ್ಲಿ ಆಗುತ್ತಿದ್ದ ಹೆರಿಗೆಗಳು ಆಸ್ಪತ್ರೆಗೆ ಬಂದದ್ದರಲ್ಲಿ 108ರ ಪಾತ್ರವೂ ಇದೆ. 2015ರಲ್ಲಿ ಬೆಂಗಳೂರಿನ ಸಂದಣಿಗಾಗಿ ಬೈಕ್ ಆಂಬುಲೆನ್ಸ್ ಬಂತು. ನೆಲಮಂಗಲದ ಬಳಿ ಅಪಘಾತದಲ್ಲಿ ದೇಹ ತುಂಡಾಗಿ ಬಿದ್ದಾಗಲೂ ನೇತ್ರದಾನದ ಮಾತಾಡಿದ ಯುವಕ ಹರೀಶ್ ಅವರ ಹೆಸರಿನಲ್ಲಿ 2016ರಲ್ಲಿ ಸಾಂತ್ವನ ಯೋಜನೆ ಬಂತು. ಅಪಘಾತದ ಮೊದಲ 48 ಗಂಟೆಗಳಲ್ಲಿ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಹೊರುವ ಯೋಜನೆ ಅದು. ನೆರವಿಗೆ ನಿಂತವರನ್ನು ಪೊಲೀಸ್ ಕಿರುಕುಳದಿಂದ ಕಾಯುವ ಗುಡ್ ಸಮರಿಟನ್ ಕಾಯ್ದೆಯನ್ನು ಕರ್ನಾಟಕ ದೇಶದ ಉಳಿದ ರಾಜ್ಯಗಳಿಗಿಂತ ಮೊದಲೇ ರೂಪಿಸಿತು. 2023ರಿಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುತ್ತಾರೆ. ಚಿಕಿತ್ಸೆಯನ್ನು ರೋಗಿಯತ್ತ ಸರಿಸುವುದು ಎಂದರೆ ಇದೇ.

ಆದರೂ ಸರಪಳಿಯ ದುರ್ಬಲ ಕೊಂಡಿಗಳು ಕಣ್ಣಿಗೆ ಬೀಳುತ್ತವೆ. ನೀತಿ ಆಯೋಗಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಪರಿಶೀಲಿಸಿದ ಆಸ್ಪತ್ರೆಗಳ ಪೈಕಿ ಶೇ 91ರಲ್ಲಿ ಆಂಬುಲೆನ್ಸ್ ಇತ್ತು. ತರಬೇತಾದ ಪ್ಯಾರಾಮೆಡಿಕ್ ಇದ್ದದ್ದು ಶೇ 34ರಲ್ಲಿ ಮಾತ್ರ. ಗಾಡಿ ಕೊಂಡಿದ್ದೇವೆ, ಕೈಗಳನ್ನು ತಯಾರು ಮಾಡಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. 2022ರ ಸೆಪ್ಟೆಂಬರಿನಲ್ಲಿ ಕರೆ ಕೇಂದ್ರದ ತಾಂತ್ರಿಕ ದೋಷದಿಂದ ರಾಜ್ಯದ 108 ಸೇವೆ ಅಸ್ತವ್ಯಸ್ತಗೊಂಡಾಗ ಇಡೀ ರಾಜ್ಯ ಒಂದೇ ಯಂತ್ರವ್ಯವಸ್ಥೆಯ ಮೇಲೆ ನಿಂತಿರುವುದು ಬಯಲಾಯಿತು. ಗಾಡಿಯಲ್ಲಿರುವ ಶುಶ್ರೂಷಕರೂ ಪೈಲಟ್ ಎಂದು ಕರೆಯಲಾಗುವ ಚಾಲಕರೂ ವೇತನ ಬಾಕಿಗಾಗಿ ಮತ್ತೆ ಮತ್ತೆ ಮುಷ್ಕರದ ಮಾತಾಡಬೇಕಾಗಿ ಬಂದಿದೆ. ಇನ್ನು ಝೀರೋ ಟ್ರಾಫಿಕ್. ಕರಾವಳಿಯಿಂದ ಘಟ್ಟ ಹತ್ತಿ ಬೆಂಗಳೂರಿಗೆ ರೋಗಿಯನ್ನು ಒಂದೇ ಓಟದಲ್ಲಿ ತರುವ ಚಾಲಕರ ಧೈರ್ಯ, ದಾರಿಯುದ್ದಕ್ಕೂ ಕೈಜೋಡಿಸುವ ಪೊಲೀಸರ, ಯುವಕರ ಒಳ್ಳೆಯತನ ನಿಜಕ್ಕೂ ದೊಡ್ಡದು. ಆದರೆ ಆ ಓಟದ ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮುನ್ನೂರೈವತ್ತು ಕಿಲೊಮೀಟರು ಓಡುವ ಅಗತ್ಯ ಏಕೆ ಬಂತು, ನಡುವಿನ ಜಿಲ್ಲೆಗಳಲ್ಲಿ ಆ ರೋಗಿಯನ್ನು ಸ್ಥಿರಗೊಳಿಸುವ ಒಂದಾದರೂ ಸಜ್ಜಿತ ಜಾಗ ಏಕಿಲ್ಲ ಎಂದು ನಾವು ಕೇಳುವುದು ಕಡಿಮೆ.

ಆಕ್ಷೇಪಗಳು

ಮೊದಲ ಆಕ್ಷೇಪ ನೇರವಾದದ್ದು: ವಾಹನಗಳೇ ಸಾಲದಿರುವಾಗ ವಾಹನ ಮುಖ್ಯವಲ್ಲ ಎನ್ನುವುದು ಉಂಡವರ ಮಾತಲ್ಲವೇ? ಮಲೆನಾಡಿನ ಕಾಡಂಚಿನ ಊರುಗಳಿಂದ ರೋಗಿಯನ್ನು ಜೋಲಿಯಲ್ಲಿ ಹೊತ್ತು ರಸ್ತೆಗೆ ತರುವ ಸುದ್ದಿ ಇಂದಿಗೂ ಬರುತ್ತಿದೆ. ಈ ಮಾತು ನಿಜ, ವಾಹನ ಹೆಚ್ಚಬೇಕು. ಆದರೆ ಅಂಥ ಊರುಗಳಿಗೆ ಎಷ್ಟೇ ಗಾಡಿ ಕೊಟ್ಟರೂ ಅವು ಮೊದಲ ಹತ್ತು ನಿಮಿಷದಲ್ಲಿ ತಲುಪಲಾರವು. ದೂರ ಹೆಚ್ಚಿದ್ದಷ್ಟೂ ಸ್ಥಳದಲ್ಲಿರುವ ಕೈಯ ಬೆಲೆ ಹೆಚ್ಚುತ್ತದೆ. ಆ ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಜೀಪಿನ ಚಾಲಕ ಕಲಿತಿರಬೇಕಾದ್ದು ಅದಕ್ಕಾಗಿಯೇ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಒಳಗೆ ರಕ್ತ ಸೋರುತ್ತಿರುವವನಿಗೆ ಬೇಕಾದ್ದು ಶಸ್ತ್ರಚಿಕಿತ್ಸೆ, ರಸ್ತೆಬದಿಯ ಉಪಚಾರವಲ್ಲ. ಅವನನ್ನು ಸಿಕ್ಕ ಗಾಡಿಯಲ್ಲಿ ಎತ್ತಿ ಓಡಬೇಕು ಎನ್ನುವವರಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗುಂಡೇಟು ತಿಂದವರನ್ನು ಪೊಲೀಸರು ತಮ್ಮ ಕಾರಿನಲ್ಲೇ ಒಯ್ಯುವ ಪದ್ಧತಿಯಿದೆ. ಗಾಯದ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಹಾಗೆ ಬಂದ ಗಾಯಾಳುಗಳು ಬದುಕಿದ ಪ್ರಮಾಣ ಆಂಬುಲೆನ್ಸ್‌ನಲ್ಲಿ ಬಂದವರದಕ್ಕಿಂತ ಕಡಿಮೆಯಿರಲಿಲ್ಲ ಎಂದು 2014ರ ಅಧ್ಯಯನವೊಂದು ಕಂಡುಕೊಂಡಿತು. ಇದು ನನ್ನ ವಾದವನ್ನು ತಿದ್ದುತ್ತದೆ, ಕೆಡವುವುದಿಲ್ಲ. ಒಂದೊಂದು ರೋಗಕ್ಕೂ ಒಂದೊಂದು ಗಡಿಯಾರ. ನಿಂತ ಹೃದಯಕ್ಕೆ ನಿಮಿಷಗಳ ಲೆಕ್ಕ, ಅದು ಸ್ಥಳದಲ್ಲೇ ನಡೆಯಬೇಕು. ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆ ಆಪರೇಷನ್ ಥಿಯೇಟರೇ ಮದ್ದು, ಅಲ್ಲಿ ತಡ ಮಾಡಬಾರದು. ಕೈಕಾಲಿನ ರಕ್ತಸ್ರಾವವನ್ನು ಒತ್ತಿ ಹಿಡಿದು ನಿಲ್ಲಿಸಬಹುದು. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದವನ ಉಸಿರಾಟದ ಸ್ನಾಯುಗಳು ಸೋಲುತ್ತವೆ. ವಿಷದ ಮದ್ದು ಸಿಗುವವರೆಗೆ ಅಂಬು ಬ್ಯಾಗ್ ಒತ್ತಿ ಉಸಿರು ಕೊಡಬಲ್ಲ ಒಬ್ಬರಿದ್ದರೆ ಎರಡು ಗಂಟೆಯ ದಾರಿಯಲ್ಲೂ ಅವನು ಬದುಕಿರುತ್ತಾನೆ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸತ್ತಿದ್ದಾರೆಂಬ ಅಂದಾಜಿದೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿರುವುದರಿಂದ ಇನ್ನು ಮುಂದೆ ನಮ್ಮ ಸಾವುಗಳ ಲೆಕ್ಕವಾದರೂ ಸಿಗಬೇಕು. ಎಲ್ಲದಕ್ಕೂ ಒಂದೇ ಗೋಲ್ಡನ್ ಅವರ್ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ಬಾಲ್ಟಿಮೋರಿನ ಆಡಮ್ಸ್ ಕೌಲಿ ಜನಪ್ರಿಯಗೊಳಿಸಿದ ಆ ಮಾತು ತುರ್ತನ್ನು ಮನದಟ್ಟು ಮಾಡಿಸಿತು. ಆದರೆ ಸರಿಯಾಗಿ ಅರವತ್ತು ನಿಮಿಷ ಎಂಬ ಗಡಿಗೆ ಗಟ್ಟಿ ಪುರಾವೆಯಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆ ಅದನ್ನೇ ವ್ಯಾಖ್ಯೆಯಾಗಿ ಬರೆದುಕೊಂಡಿದೆ. ಯಾವ ರೋಗಿಗೆ ಯಾವ ಗಡಿಯಾರ ಎಂದು ಗುರುತಿಸಬಲ್ಲವರು ಕರೆ ಕೇಂದ್ರದಲ್ಲೂ ಗಾಡಿಯಲ್ಲೂ ಇರಬೇಕು ಎಂಬುದೇ ಇದರಿಂದ ಬರುವ ತೀರ್ಮಾನ.

ಮೂರನೆಯದು ಭಯ. ಕಲಿಯದವರು ಕೈಹಾಕಿ ಹಾನಿ ಮಾಡಿದರೆ? ಪೊಲೀಸ್ ಠಾಣೆ, ಕೋರ್ಟು ಎಂದು ಅಲೆದಾಡಬೇಕಾಗಿ ಬಂದರೆ? ಮೊದಲ ಪ್ರಶ್ನೆಗೆ ಉತ್ತರ ತರಬೇತಿ. ಹೃದಯ ನಿಂತವನ ವಿಷಯದಲ್ಲಂತೂ ಎದೆ ಒತ್ತಿದರೆ ಪಕ್ಕೆಲುಬು ಮುರಿಯಬಹುದು, ಒತ್ತದಿದ್ದರೆ ಸಾವು ಖಚಿತ. ಎರಡನೆಯದಕ್ಕೆ ಕಾನೂನಿನ ಉತ್ತರ ಸಿಕ್ಕಾಗಿದೆ: 2016ರ ಸುಪ್ರೀಂ ಕೋರ್ಟ್ ಆದೇಶ, ನಮ್ಮ ರಾಜ್ಯದ ಕಾಯ್ದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್. ಆದರೆ ಬಸ್ ನಿಲ್ದಾಣದಲ್ಲಿ ನಿಂತ ಮನುಷ್ಯನಿಗೆ ಇದು ಗೊತ್ತಿಲ್ಲದಿದ್ದರೆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ. ನಾಲ್ಕನೆಯ ಆಕ್ಷೇಪ ಖರ್ಚಿನದು. ಉನ್ನತ ಸೌಲಭ್ಯದ ಗಾಡಿ, ಹೆಲಿಕಾಪ್ಟರುಗಳಿಗೆ ಹೋಲಿಸಿದರೆ ಶಾಲೆಯಲ್ಲಿ ಸಿಪಿಆರ್ ಕಲಿಸುವುದು, ಕರೆ ತೆಗೆದುಕೊಳ್ಳುವವರಿಗೆ ತರಬೇತಿ ಕೊಡುವುದು ಅತಿ ಅಗ್ಗದ ಕೆಲಸಗಳು. ಇದುವರೆಗೆ ನಾವು ಅವನ್ನು ಮಾಡದಿರುವುದಕ್ಕೆ ಹಣದ ಕೊರತೆ ಕಾರಣ ಎನ್ನಲಾಗದು. ಅಂಥ ಕೆಲಸಕ್ಕೆ ಉದ್ಘಾಟನೆಯ ಫೋಟೊ ಇಲ್ಲ, ಹೀಗಾಗಿ ಅದು ಯಾರ ಆದ್ಯತೆಯೂ ಆಗಲಿಲ್ಲ.

ನಾಳೆಯ ಕೆಲಸ

ತಂತ್ರಜ್ಞಾನ ಎಲ್ಲವನ್ನೂ ಬಗೆಹರಿಸುತ್ತದೆ ಎಂಬ ನಂಬಿಕೆಯೂ ಹರಡುತ್ತಿದೆ. ಸ್ವೀಡನ್ನಿನಲ್ಲಿ 2021ರ ಕೊನೆಯಲ್ಲಿ ಡ್ರೋನ್ ಹೊತ್ತು ತಂದ ಡಿಫಿಬ್ರಿಲೇಟರಿನಿಂದ ಒಬ್ಬರ ಜೀವ ಉಳಿಯಿತು. ಆದರೆ ಅಲ್ಲಿ ಆ ಯಂತ್ರ ಬಂದು ಇಳಿದಾಗ ಎದೆ ಒತ್ತುತ್ತಿದ್ದ, ಅದನ್ನು ಬಳಸಬಲ್ಲ ವ್ಯಕ್ತಿ ಪಕ್ಕದಲ್ಲಿದ್ದರು. ಕರೆ ಮಾಡಿದವರ ಜಾಗವನ್ನು ತಾನೇ ಗುರುತಿಸುವ ವ್ಯವಸ್ಥೆ, ದೂರದಿಂದ ಇಸಿಜಿ ಓದುವ ತಂತ್ರಾಂಶ, ಯಾವ ಆಸ್ಪತ್ರೆಯಲ್ಲಿ ಈಗ ಹಾಸಿಗೆ, ಸ್ಕ್ಯಾನ್, ಶಸ್ತ್ರವೈದ್ಯರಿದ್ದಾರೆಂದು ತೋರಿಸುವ ಪಟ್ಟಿ ಇವೆಲ್ಲ ಬೇಕು. ಇವು ಬಲ್ಲ ಕೈಗೆ ಬಲ ಕೊಡುತ್ತವೆ. ಬಲ್ಲ ಕೈಯೇ ಇಲ್ಲದಲ್ಲಿ ಏನೂ ಮಾಡಲಾರವು. 108, 112, ಹೆದ್ದಾರಿಯ 1033 ಎಂದು ಸಂಖ್ಯೆಗಳು ಹಂಚಿಹೋಗಿರುವಾಗ ಅವುಗಳ ಹಿಂದಿನ ಕೇಂದ್ರಗಳನ್ನಾದರೂ ಒಂದುಗೂಡಿಸುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಮೊದಲ ಕೆಲಸ.

ಆದ್ದರಿಂದ ಮುಂದಿನ ಹತ್ತು ವರ್ಷಗಳಿಗೆ ನಾಲ್ಕು ಕೆಲಸಗಳು. ಪ್ರೌಢಶಾಲೆಯಲ್ಲಿ, ಚಾಲನಾ ಪರವಾನಗಿಯಲ್ಲಿ, ಸಾರಿಗೆ ಸಂಸ್ಥೆಯ ಚಾಲಕ ನಿರ್ವಾಹಕರಲ್ಲಿ, ಪೊಲೀಸರಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯವಾಗಬೇಕು. ಕರೆ ತೆಗೆದುಕೊಳ್ಳುವವರು ಕನ್ನಡ, ತುಳು, ಉರ್ದು, ಕೊಂಕಣಿ ಸೇರಿದಂತೆ ಜನರ ಮಾತಿನಲ್ಲೇ ಎದೆ ಒತ್ತುವ, ರಕ್ತ ನಿಲ್ಲಿಸುವ ಕ್ರಮ ಹೇಳಿಕೊಡುವಂತಾಗಬೇಕು. ಆಂಬುಲೆನ್ಸ್ ಸಿಬ್ಬಂದಿಗೆ 2021ರ ಪೂರಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಕಾಯ್ದೆಯಡಿ ನೋಂದಣಿ, ಖಾಯಂ ವೇತನಶ್ರೇಣಿ, ಬಡ್ತಿಯ ದಾರಿ ಸಿಗಬೇಕು. ತಿಂಗಳ ಸಂಬಳಕ್ಕೆ ಪರದಾಡುವವರಿಂದ ನುರಿತ ಸೇವೆ ನಿರೀಕ್ಷಿಸುವುದು ತಪ್ಪು. ಕೊನೆಯದಾಗಿ, ಯಾವ ಆಸ್ಪತ್ರೆ ಯಾವ ರೋಗಿಗೆ ಸಜ್ಜಾಗಿದೆ ಎಂದು ಮೊದಲೇ ಗೊತ್ತುಮಾಡಿ, ಗಾಡಿ ಬರುವ ಮುನ್ನವೇ ಅಲ್ಲಿಗೆ ಸುದ್ದಿ ಮುಟ್ಟಬೇಕು. 2025ರಲ್ಲಿ ಕೇಂದ್ರ ಸರ್ಕಾರ ತಂದ, ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆ ಹಣದ ಅಡ್ಡಿಯನ್ನು ಸ್ವಲ್ಪ ಸರಿಸಿದೆ. ಸಜ್ಜಾದ ಆಸ್ಪತ್ರೆಯ ಕೊರತೆಯನ್ನು ಅದು ತುಂಬಲಾರದು.

ಇವೆಲ್ಲ ಜಾರಿಯಾಗುತ್ತಿವೆಯೇ ಎಂದು ತಿಳಿಯಲು ಲೆಕ್ಕದ ಕ್ರಮವೇ ಬದಲಾಗಬೇಕು. ಹೃದಯ ನಿಂತವರಲ್ಲಿ ಎಷ್ಟು ಜನ ನಡೆದು ಮನೆಗೆ ಹೋದರು, ಎಷ್ಟು ಮಂದಿಗೆ ಪಕ್ಕದಲ್ಲಿದ್ದವರ ಕೈಯಿಂದ ಸಿಪಿಆರ್ ಸಿಕ್ಕಿತು, ಎಷ್ಟು ಗಾಯಾಳುಗಳನ್ನು ಮೊದಲ ಆಸ್ಪತ್ರೆ ಹಿಂದಕ್ಕೆ ಕಳುಹಿಸಿತು ಎಂಬ ಅಂಕಿಗಳನ್ನು ಸರ್ಕಾರ ಪ್ರತಿವರ್ಷ ಜಿಲ್ಲಾವಾರು ಪ್ರಕಟಿಸಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಎಷ್ಟು ಮಂದಿಯನ್ನು ಉಳಿಸಬಹುದಿತ್ತು ಎಂಬುದಕ್ಕೆ ಉತ್ತರ ಕೊಡಬಲ್ಲ ಲೆಕ್ಕ ಇಟ್ಟರೆ ಮಾತ್ರ ಮುಂದಿನವರನ್ನು ಉಳಿಸುವ ದಾರಿ ಕಾಣುತ್ತದೆ. ಡೆನ್ಮಾರ್ಕಿಗೆ ಹಿಡಿದದ್ದು ಒಂದು ದಶಕ. ಬರುವ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರುವ ಮಕ್ಕಳಿಂದ ನಾವು ಆರಂಭಿಸಿದರೆ, ಹತ್ತು ವರ್ಷದಲ್ಲಿ ಈ ರಾಜ್ಯದ ಪ್ರತಿ ಬಸ್ಸಿನಲ್ಲಿ, ಪ್ರತಿ ಸಂತೆಯಲ್ಲಿ, ಪ್ರತಿ ಕಚೇರಿಯಲ್ಲಿ ಜೀವ ಉಳಿಸಲು ಕಲಿತ ಒಬ್ಬರಾದರೂ ಇರುತ್ತಾರೆ. ಇದಕ್ಕೆ ಹೊಸ ಕಾನೂನೂ ಬೇಡ, ವಿದೇಶದ ತಜ್ಞರೂ ಬೇಡ. ಪಠ್ಯಕ್ರಮದಲ್ಲಿ ಕೆಲವು ಗಂಟೆಗಳು ಮತ್ತು ಅದನ್ನು ನಡೆಸಲೇಬೇಕೆಂಬ ಸರ್ಕಾರದ ನಿರ್ಧಾರ ಸಾಕು.